ಸಾಲ ತಂದ ಗ್ಲೌಸ್



ನಮ್ಮ ಹೊಸೂರು ಕಡೆ ಬೇಸಿಗೆ ರಜೆ ಬಂತೆಂದರೆ ಧರ್ಮಕೇಂದ್ರದ ಹುಡುಗರಿಗೆಲ್ಲ ಕ್ರಿಕೆಟ್ಟಿನದೇ ಗುಂಗು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮೈದಾನದಲ್ಲಿ ಎರಡೂ. ಈ ಸಲ ನಮ್ಮ ತಂಡ ಫೈನಲ್‌ವರೆಗೂ ಹೋಯಿತು. ಫೋಟೋಗಳನ್ನು ನೀವೆಲ್ಲ ನೋಡಿದ್ದೀರಿ. ಆ ಫೋಟೋಗಳಲ್ಲಿ ಇಲ್ಲದ ಒಬ್ಬರ ಬಗ್ಗೆ ನಾವು ಇವತ್ತು ಹೇಳಬೇಕಾಗಿದೆ.

ನಾಲ್ಕು ವರ್ಷ ನಮಗೆ ವಿಕೆಟ್ ಕೀಪಿಂಗ್ ಮಾಡಿದ ಒಬ್ಬ ಅಣ್ಣ ಇದ್ದ. ಅವನಿಗಿಂತ ಚುರುಕಾದ ಹುಡುಗ ಸಿಕ್ಕನೆಂದು ನಾವು ಅಣ್ಣನನ್ನು ಬಿಟ್ಟೆವು. ಎದುರಿಗೆ ಹೇಳುವ ಧೈರ್ಯ ಬರಲಿಲ್ಲ. ವಾಟ್ಸಾಪ್‌ನಲ್ಲಿ ಹನ್ನೊಂದು ಹೆಸರು ಹಾಕಿದೆವು, ಅಷ್ಟೇ. ಅಣ್ಣ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಆಟಕ್ಕೂ ಬರಲಿಲ್ಲ, ಶನಿವಾರದ ಹಾಡಿನ ಅಭ್ಯಾಸಕ್ಕೂ ಬರಲಿಲ್ಲ.

ಆ ದಿನಗಳಲ್ಲೇ ನಾವು ಬುಧಿ ಕುಂದರನ್ ಅವರ ಬಗ್ಗೆ ಓದಿದ್ದು. 1939ರ ಅಕ್ಟೋಬರ್ 2ರಂದು ಮೂಲ್ಕಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು. 1960ರ ಜನವರಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಮುಂಬೈ ಟೆಸ್ಟ್‌ಗೆ ಕೀಪರ್ ಆಗಿ ಆಯ್ಕೆಯಾದಾಗ ಅವರಿನ್ನೂ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಮನೆ ಚಿಕ್ಕದು, ಜನ ಹೆಚ್ಚು. ಪಂದ್ಯದ ಹಿಂದಿನ ರಾತ್ರಿ ಅವರು ಉದ್ಯಾನದಲ್ಲಿ ಮಲಗಿದ್ದರು ಎನ್ನುತ್ತಾರೆ. ಕೈಗೆ ಹಾಕಿಕೊಳ್ಳಲು ಒಳ್ಳೆಯ ಗ್ಲೌಸ್ ಕೂಡ ಇರಲಿಲ್ಲ. ಕೊಟ್ಟವರು ಯಾರು ಗೊತ್ತೇ? ನರೇನ್ ತಮ್ಹಾನೆ. ಯಾರ ಜಾಗಕ್ಕೆ ಕುಂದರನ್ ಬಂದರೋ ಅವರೇ!

ಮುಂದೆ ಕುಂದರನ್ ಅವರ ಜಾಗಕ್ಕೂ ಫಾರೂಕ್ ಎಂಜಿನಿಯರ್ ಬಂದರು. 1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮದರಾಸ್ ಟೆಸ್ಟ್‌ಗೆ ಆಯ್ಕೆಯಾಗಿದ್ದವರೂ ಎಂಜಿನಿಯರ್. ಅವರಿಗೆ ಹುಷಾರು ತಪ್ಪಿದ್ದರಿಂದ ಕುಂದರನ್‌ಗೆ ಕರೆ ಬಂತು. ಮೊದಲ ದಿನವೇ 170 ಓಟ, ಕೊನೆಗೆ 192. ಆ ಸರಣಿಯಲ್ಲಿ ಒಟ್ಟು 525. ಅಷ್ಟಾದರೂ ಜಾಗ ಖಾಯಂ ಆಗಲಿಲ್ಲ. ಅದೇ ವರ್ಷ ಆಸ್ಟ್ರೇಲಿಯ ತಂಡ ಬಂದಾಗ ಸ್ಟಂಪಿನ ಹಿಂದೆ ನಿಂತವರು ಮತ್ತೊಬ್ಬರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬೇಸ್‌ಬಾಲ್‌ನಲ್ಲೂ ಹೀಗೇ ಆಗಿತ್ತು. ಆಟಗಾರರು ಸೇನೆಗೆ ಹೋದಾಗ ಅವರ ಜಾಗ ತುಂಬಲು ಬೇರೆಯವರನ್ನು ಕರೆದರು. 1945ರಲ್ಲಿ ಯುದ್ಧ ಮುಗಿದು ಹೋದವರು ಮರಳಿದಾಗ, ಜಾಗ ತುಂಬಿದವರಲ್ಲಿ ಅನೇಕರ ಆಟ ಅಲ್ಲಿಗೆ ಮುಗಿಯಿತು.

ಕುಂದರನ್ ಅವರ ಕೊನೆಯ ಟೆಸ್ಟ್ 1967ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿ ಕೀಪರ್ ಎಂಜಿನಿಯರ್. ಆದರೂ ಕುಂದರನ್ ಅವರ ಜೊತೆಗೇ ಬ್ಯಾಟಿಂಗ್ ಆರಂಭಿಸಿದರು. ಕೊಟ್ಟ ಹೊಸ ಚೆಂಡನ್ನು ಹಿಡಿದು ಬೌಲಿಂಗ್ ಕೂಡ ಆರಂಭಿಸಿದರು! ಒಟ್ಟು ಆಡಿದ್ದು 18 ಟೆಸ್ಟ್. ಆಮೇಲೆ ಸ್ಕಾಟ್ಲೆಂಡ್‌ಗೆ ಹೋಗಿ ನೆಲೆಸಿದರು. ಅಲ್ಲೂ ಆಟ ಬಿಡಲಿಲ್ಲ. 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.

ಇದನ್ನು ಓದುವಾಗ ನಮಗೆ ಪ್ರೇಷಿತರ ಕಾರ್ಯಕಲಾಪಗಳ ಮೊದಲನೆಯ ಅಧ್ಯಾಯ ನೆನಪಾಯಿತು. ಯೂದನ ಸ್ಥಾನಕ್ಕೆ ಇಬ್ಬರ ಹೆಸರು ಬಂದಿತ್ತು. ಚೀಟಿ ಮತ್ತೀಯನಿಗೆ ಬಿತ್ತು. ಇನ್ನೊಬ್ಬ ಯುಸ್ತನೆಂದು ಕರೆಯಲ್ಪಟ್ಟ ಜೋಸೆಫ್. ಅವನೂ ಮೊದಲಿನಿಂದ ಯೇಸುಸ್ವಾಮಿಯ ಜೊತೆಗಿದ್ದವನೇ. ಚೀಟಿ ಬೀಳದ ಆ ಸಂಜೆ ಅವನು ಎಲ್ಲಿಗೆ ಹೋದ? ಯಾರಾದರೂ ಅವನ ಹೆಗಲ ಮೇಲೆ ಕೈ ಹಾಕಿದರೇ? ನಾವು ಎಂದೂ ಕೇಳಿಕೊಂಡಿರಲಿಲ್ಲ.

ತಂಡದಲ್ಲಿ ಬದಲಾವಣೆ ಮಾಡಿದ್ದು ನಮ್ಮ ತಪ್ಪಲ್ಲ. ಹನ್ನೊಂದೇ ಜನ ಆಡಲು ಸಾಧ್ಯ. ಗಾಯನ ವೃಂದದಲ್ಲಿ, ವಾಚನದಲ್ಲಿ, ಯುವಜನ ಸಂಘದ ಪದವಿಗಳಲ್ಲಿ ಕೂಡ ನಾವೆಲ್ಲ ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಬಿಟ್ಟುಕೊಡುವವರೇ. ಆದರೆ ಜಾಗದ ಜೊತೆಗೆ ಮನುಷ್ಯನನ್ನೂ ಬಿಟ್ಟೆವಲ್ಲ, ಅದು ನಮ್ಮ ತಪ್ಪು.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ನಾವು ಐದು ಜನ ಅಣ್ಣನ ಮನೆಗೆ ಹೋದೆವು. ಹೊಸ ಕೀಪರ್ ಹುಡುಗನೂ ಬಂದಿದ್ದ. ಅಮ್ಮ ಕಾಫಿ ಕೊಟ್ಟರು. ಹೇಗೆ ಮಾತು ಶುರು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ, "ಅಣ್ಣಾ, ತಪ್ಪಾಯ್ತು. ನಿಮ್ಮ ಹತ್ರ ಬಂದು ಹೇಳ್ಬೇಕಿತ್ತು" ಅಂದೆವು. ಅಣ್ಣ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಒಳಗೆ ಹೋಗಿ ತನ್ನ ಹಳೆಯ ಗ್ಲೌಸ್ ತಂದು ಹುಡುಗನ ಕೈಗೆ ಕೊಟ್ಟ. "ಎಡಗೈ ಹೆಬ್ಬೆರಳ ಹತ್ರ ಹೊಲಿಗೆ ಬಿಟ್ಟಿದೆ, ಹಾಕಿಸ್ಕೋ" ಅಂದ.

ಶನಿವಾರ ಹಾಡಿಗೆ ಬರುತ್ತಾನೋ ಇಲ್ಲವೋ, ಕೇಳಲಿಲ್ಲ. ಅವನ ಕುರ್ಚಿಯನ್ನು ಮಾತ್ರ ಅವನ ಜಾಗದಲ್ಲೇ ಹಾಕಿಡುತ್ತೇವೆ.

ನಿಮ್ಮ ಗುಂಪಿನಲ್ಲೂ ಹೀಗೆ ಸದ್ದಿಲ್ಲದೆ ದೂರವಾದವರು ಇದ್ದರೆ, ಈ ವಾರವೇ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಮೆಸೇಜ್ ಬೇಡ, ನೀವೇ ಹೋಗಿ.