ಜೆ.ಸಿ. ರಸ್ತೆಯ ಸದ್ದಿನ ಸಂತೆ

ಬೆಂಗಳೂರಿನ ಪುರಭವನದ ಮುಂದೆ ಬಸ್ಸಿಳಿದು ಮಿನರ್ವ ವೃತ್ತದ ಕಡೆಗೆ ಹೆಜ್ಜೆ ಹಾಕಿದರೆ ಮೊದಲು ಸಿಗುವುದು ರವೀಂದ್ರ ಕಲಾಕ್ಷೇತ್ರ. ಅಲ್ಲಿ ನಾಟಕ, ಸಂಗೀತ. ಅದನ್ನು ದಾಟಿ ಇನ್ನಷ್ಟು ನಡೆದರೆ ಶುರುವಾಗುವ ಸಂಗೀತವೇ ಬೇರೆ. ಹಾರನ್ನಿನ ಪರೀಕ್ಷೆ, ಸುತ್ತಿಗೆಯ ಪೆಟ್ಟು, ವೆಲ್ಡಿಂಗಿನ ಚಟಚಟ. ಸೀಟು ಕವರು, ಕನ್ನಡಿ, ಬಂಪರು, ಬೇರಿಂಗು, ಹೀಗೆ ಮೋಟಾರು ವಾಹನದ ಯಾವ ಬಿಡಿಭಾಗ ಬೇಕೆಂದರೂ ಜನ ದಶಕಗಳಿಂದ ಹುಡುಕಿಕೊಂಡು ಬರುವುದು ಜೆ.ಸಿ. ರಸ್ತೆಗೆ, ಅದರ ಬೆನ್ನಿಗಂಟಿದ ಓಣಿಗಳಿಗೆ.

ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರೂ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ. 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಜೋಡಿ ಸೈಲೆನ್ಸರನ್ನು ಹುಡುಕುತ್ತ ಇಲ್ಲಿಗೆ ಬರುವವರು ಮಾತ್ರ ಇನ್ನೂ ಮುಗಿದಿಲ್ಲ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಅದನ್ನು ನೋಡಿ ಎರಡು ಸಿಲಿಂಡರಿನ ಗಾಡಿ ಎಂದುಕೊಂಡ ಹುಡುಗರು ಆ ಕಾಲದಲ್ಲಿ ಎಷ್ಟಿದ್ದರೋ!

ಮಂಗಳವಾದ್ಯದ ಅಂಗಡಿಯಲ್ಲಿ ನಾಗಸ್ವರಗಳನ್ನು ತೂಗುಹಾಕುವಂತೆ ಇಲ್ಲಿ ಸೈಲೆನ್ಸರುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಬುಲೆಟ್ಟಿನವಕ್ಕೆ ಒಂದೊಂದಕ್ಕೆ ಒಂದೊಂದು ಹೆಸರು: ಪಂಜಾಬಿ, ಇಂದೋರಿ, ಡಾಲ್ಫಿನ್, ಮೆಗಾಫೋನ್, ಶಾರ್ಟ್ ಬಾಟಲ್, ಗ್ಲಾಸ್‌ವುಲ್. ಹೆಸರು ಕೇಳಿದರೆ ತಿಂಡಿಯ ಪಟ್ಟಿಯಂತಿದೆ. ಗಿರಾಕಿಗಳು ಆರಿಸುವುದೂ ರುಚಿ ನೋಡುವ ಹಾಗೆಯೇ, ಆದರೆ ಕಿವಿಯಲ್ಲಿ.

ಒಂದು ಶನಿವಾರ ಮಧ್ಯಾಹ್ನ ಇಂಥದೊಂದು ಓಣಿಗೆ ತಂದೆ ಮತ್ತು ಮಗ ಬಂದರು. ತಂದೆ 2004ರಲ್ಲಿ ಕೊಂಡ ಬುಲೆಟ್ ಈಗ ಮಗನ ಕೈಯಲ್ಲಿದೆ. ಅವನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ. ಸೈಲೆನ್ಸರು ತೂತಾಗಿದೆ, ಹೊಸದು ಹಾಕಿಸಬೇಕು. ಅಷ್ಟರ ಮಟ್ಟಿಗೆ ಇಬ್ಬರದೂ ಒಂದೇ ಮಾತು. ಯಾವುದನ್ನು ಹಾಕಿಸಬೇಕು ಎನ್ನುವಲ್ಲಿ ಜಗಳ.

“ಅಣ್ಣ, ಪಂಜಾಬಿ ಇದೆಯಾ?” ಎಂದ ಹುಡುಗ.

ಅರವತ್ತು ದಾಟಿದ ಮೇಸ್ತ್ರಿ ತಲೆ ಎತ್ತಲಿಲ್ಲ. ಹುಡುಗ ಎರಡನೇ ಸಲ ಕೇಳಿದ. ಮೂರನೆಯ ಸಲ ಕೂಗಿದ ಮೇಲೆ, “ಏನಪ್ಪ?” ಎಂದು ಬಲಗಿವಿಯನ್ನು ಮುಂದೆ ತಂದರು.

ಹಳೆಯ ಸೈಲೆನ್ಸರಿನ ಕೆಳಗಿನ ಹೊಲಿಗೆಗೆ ಅವರು ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಅದು ಹಪ್ಪಳಕ್ಕೆ ಹೊಕ್ಕಂತೆ ಒಳಗೆ ಹೋಯಿತು.

“ನೀರಿಂದ ಹೋಗಿದೆ ಸಾರ್.”

“ಮಳೇಲಿ ನಿಲ್ಲಿಸೇ ಇಲ್ವಲ್ಲ,” ಎಂದರು ತಂದೆ.

“ಮಳೆ ನೀರಲ್ಲ, ಪೆಟ್ರೋಲ್ ನೀರು.”

ಹುಡುಗ ನಕ್ಕ. ನಗುವ ವಿಷಯವಲ್ಲ. ಪೆಟ್ರೋಲು ಜಲಜನಕ ಮತ್ತು ಇಂಗಾಲ ಸೇರಿ ಆದದ್ದು. ಉರಿಯುವಾಗ ಅದರ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ಎಂಜಿನ್ನಿನಿಂದ ಅದು ಹಬೆಯಾಗಿ ಹೊರಡುತ್ತದೆ. ದೂರದ ಪ್ರಯಾಣದಲ್ಲಿ ಸೈಲೆನ್ಸರು ಕಾದು ಹಬೆ ಹೊರಗೆ ಹೋಗುತ್ತದೆ. ಮನೆಯಿಂದ ಕಾಲೇಜಿಗೆ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಸೈಲೆನ್ಸರು ಕಾಯುವುದೇ ಇಲ್ಲ. ತಣ್ಣನೆಯ ತಗಡಿಗೆ ಹಬೆ ತಗುಲಿ ನೀರಾಗಿ ತಳದಲ್ಲಿ ನಿಂತು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಮೇಸ್ತ್ರಿಗೆ ಸಮೀಕರಣ ಬರೆಯಲು ಬಾರದಿರಬಹುದು, ಉತ್ತರ ಮಾತ್ರ ಸರಿಯಾಗಿಯೇ ಗೊತ್ತಿತ್ತು.

ಅಂಗಡಿಯ ಮೂಲೆಯಲ್ಲಿ ಉದ್ದಕ್ಕೆ ಸೀಳಿದ ಒಂದು ಹಳೆಯ ಸೈಲೆನ್ಸರು ಬಿದ್ದಿತ್ತು. ಒಳಗೆ ಅಡ್ಡಗೋಡೆಗಳು, ತೂತುಗಳು, ಸಣ್ಣ ಕೊಳವೆಗಳು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಹೊಗೆ ಉಗುಳುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಸಲ. ಕವಾಟ ತೆರೆದಾಗಲೆಲ್ಲ ಒತ್ತಡದ ಒಂದು ಅಲೆ ಕೊಳವೆಗೆ ನುಗ್ಗುತ್ತದೆ. ಅಡ್ಡಗೋಡೆಗಳಿಗೆ ಬಡಿದು ಹಿಂತಿರುಗಿದ ಅಲೆಗಳು ಒಂದನ್ನೊಂದು ಕುಂದಿಸಿ ಸದ್ದು ತಗ್ಗುತ್ತದೆ. ಗ್ಲಾಸ್‌ವುಲ್ ಬಗೆಯಲ್ಲಿ ಅಡ್ಡಗೋಡೆಗಳಿಲ್ಲ. ತೂತು ಕೊರೆದ ನೇರ ಕೊಳವೆಯ ಸುತ್ತ ಗಾಜಿನ ಎಳೆಗಳ ಹತ್ತಿ ಸುತ್ತಿರುತ್ತಾರೆ. ಹತ್ತಿ ಸುಟ್ಟುಹೋದ ಮೇಲೆ ಉಳಿಯುವುದು ಬರೀ ಕಹಳೆ.

“ಇದನ್ನು ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತೆ ಅಂತಾರಲ್ಲ?” ಹುಡುಗ ಪಟ್ಟು ಬಿಡಲಿಲ್ಲ.

“ಸದ್ದು ಜಾಸ್ತಿ ಆಗುತ್ತೆ. ಅದನ್ನೇ ಪಿಕಪ್ ಅಂದ್ಕೋತಾರೆ.”

ಹೊಗೆ ಸಲೀಸಾಗಿ ಹೊರಟರೆ ಒಳಬರುವ ಗಾಳಿಯೂ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಕಾರ್ಬ್ಯುರೇಟರಿನ ಜೆಟ್ ಬದಲಿಸದಿದ್ದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಕೊಳವೆಯ ಆಕಾರದಿಂದಲೇ ಶಕ್ತಿ ಹೆಚ್ಚಿಸಿದ್ದೂ ಉಂಟು, ಎರಡು ಸ್ಟ್ರೋಕಿನ ಎಂಜಿನ್ನುಗಳಲ್ಲಿ. ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಶಂಕುವಿನಂತೆ ಅಗಲವಾಗಿ ಮತ್ತೆ ಕಿರಿದಾಗುವ ಕೊಳವೆಯನ್ನು ಪಳಗಿಸಿದರು. ಹಿಂತಿರುಗುವ ಅಲೆ, ಹೊರಗೆ ಸೋರುತ್ತಿದ್ದ ಹೊಸ ಇಂಧನವನ್ನು ಸಿಲಿಂಡರಿಗೆ ಮರಳಿ ತಳ್ಳುವಂತೆ ಅದರ ಅಳತೆ. 1961ರ ಹೊತ್ತಿಗೆ ಅವರ 125 ಸಿ.ಸಿ. ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ನಂತರ ದೇಶ ಬಿಟ್ಟು, ಆ ವಿದ್ಯೆಯೊಂದಿಗೆ ಜಪಾನಿನ ಸುಜುಕಿ ಸೇರಿದ. 1962ರಲ್ಲಿ ಸುಜುಕಿಗೆ 50 ಸಿ.ಸಿ. ವಿಶ್ವಪ್ರಶಸ್ತಿಯೂ ಬಂತು. ಒಂದು ಹೊಗೆಕೊಳವೆಗಾಗಿ ಇಷ್ಟೆಲ್ಲ! ಆದರೆ ಅದು ಲೆಕ್ಕ ಹಾಕಿ ಮಾಡಿದ ಕೊಳವೆ, ಒಳಗಿನ ಗೋಡೆ ಕಿತ್ತದ್ದಲ್ಲ.

ಅಷ್ಟರಲ್ಲಿ ಇನ್ನೊಬ್ಬ ಯುವಕ ಹೊಚ್ಚಹೊಸ ಬೈಕು ತಂದು, ಸೈಲೆನ್ಸರು ಬದಲಿಸಿ ಎಂದ. ಮೇಸ್ತ್ರಿ ಕೈ ಆಡಿಸಿ ಕಳಿಸಿಬಿಟ್ಟರು. 2020ರಿಂದ ಜಾರಿಯಾದ ಬಿ.ಎಸ್. 6 ಗಾಡಿಗಳ ಹೊಗೆಕೊಳವೆಯಲ್ಲಿ ಜೇನುಗೂಡಿನಂಥ ಒಂದು ತುಂಡು ಇರುತ್ತದೆ. ಅದಕ್ಕೆ ಲೇಪಿಸಿದ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ಲೋಹಗಳು ವಿಷಾನಿಲವನ್ನು ಸೌಮ್ಯವಾಗಿಸುತ್ತವೆ. ಸೈಲೆನ್ಸರಿನ ಜೊತೆ ಅದೂ ಕಳಚಿ ಗುಜರಿಗೆ ಹೋದರೆ ಹಿಂದೆ ಬರುವವರ ಎದೆಗೆ ಹೋಗುವುದು ಹಸಿ ಹೊಗೆ.

ತಂದೆಯ ಚಿಂತೆ ಬೇರೆ. ಗಾಡಿ ಇರುವುದು ಅವರ ಹೆಸರಿನಲ್ಲಿ, ಪೊಲೀಸರ ನೋಟಿಸು ಬರುವುದೂ ಅವರ ವಿಳಾಸಕ್ಕೆ. ವಾಹನದ ಸದ್ದು, ಹೊಗೆಯ ಮಿತಿ ಮೀರಿದರೆ 3 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶವಿದೆ. ಓಡಿಸುವವನ ಲೈಸೆನ್ಸೂ 3 ತಿಂಗಳು ಅಮಾನತು. ತಂದೆ ಇದನ್ನೆಲ್ಲ ಹೇಳುತ್ತಿದ್ದರೆ ಮಗ ಗೋಡೆಯ ಕಡೆ ನೋಡುತ್ತಿದ್ದ.

“ಇರಲಿ ಸಾರ್, ಒಂದ್ಸಲ ಕೇಳಲಿ,” ಎಂದರು ಮೇಸ್ತ್ರಿ. ಕ್ಲಾಂಪು ಸಡಿಲಿಸಿ ಹಳೆಯದನ್ನು ಕಳಚಿದರು. ಬೆಂಡ್ ಪೈಪಿನ ಬಾಯಿಯ ಕಿಟ್ಟವನ್ನು ಉಜ್ಜಿ, ಪಂಜಾಬಿ ಸಿಕ್ಕಿಸಿ, ಹಿಂದಿನ ಬೋಲ್ಟು ಬಿಗಿದರು. ಜೋಡಣೆಯಲ್ಲಿ ಸಂದು ಉಳಿದರೆ ಗಾಳಿ ಒಳನುಗ್ಗಿ, ಉರಿಯದೆ ಉಳಿದ ಪೆಟ್ರೋಲು ಕೊಳವೆಯಲ್ಲೇ ಹೊತ್ತಿಕೊಂಡು ಪಟಾಕಿ ಸಿಡಿದಂತಾಗುತ್ತದೆ. ಹಾಗಾಗಿ ಬಿಗಿಯುವುದರಲ್ಲಿ ಅವಸರವಿಲ್ಲ.

ಕಿಕ್ ಹೊಡೆದದ್ದೇ ತಡ, ಓಣಿಯ ಎರಡೂ ಗೋಡೆ ನಡುಗಿದವು. ಹುಡುಗನ ಮುಖ ಅರಳಿತು. ಚಹಾ ತಂದ ಪುಟ್ಟ ಹುಡುಗ ತಟ್ಟೆ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡ. 350 ಸಿ.ಸಿ.ಯಷ್ಟು ದೊಡ್ಡ ಹೊಸ ಬೈಕುಗಳಿಗೆ ಕಾರ್ಖಾನೆಯ ಪರೀಕ್ಷೆಯಲ್ಲಿ 2005ರಿಂದ ಇರುವ ಮಿತಿ 80 ಡೆಸಿಬಲ್. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡುಲೆಕ್ಕವಲ್ಲ. ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು.

“ಟ್ಯಾಪೆಟ್ ಸದ್ದು ಬರ್ತಾ ಇದೆಯಾ? ನೀನೇ ಕೇಳಿ ಹೇಳಪ್ಪ,” ಮೇಸ್ತ್ರಿ ಕೂಗಿದರು. “ಆ ಟಿಕ್ ಟಿಕ್ ನನಗೆ ಕೇಳಿಸೋದು ನಿಂತು ಹತ್ತು ವರ್ಷ ಆಯ್ತು.”

ಹುಡುಗ ಬಗ್ಗಿ ಎಂಜಿನ್ನಿಗೆ ಕಿವಿಯಿಟ್ಟ. ಏನೂ ಕೇಳಿಸಲಿಲ್ಲ, ಗುಡುಗೊಂದನ್ನು ಬಿಟ್ಟು. ಎದ್ದುನಿಂತು ಮೇಸ್ತ್ರಿಯ ಮುಖವನ್ನೇ ನೋಡಿದ.

ಒಳಗಿವಿಯಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿರುತ್ತವೆ. ಹೆಚ್ಚು ಸದ್ದಿಗೆ ದಿನವೂ ಒಡ್ಡಿಕೊಂಡರೆ ಅವು ಸಾಯುತ್ತವೆ, ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಸ್ವರ: ಗಡಿಯಾರದ ಟಿಕ್ ಟಿಕ್, ಹಕ್ಕಿಯ ಚಿಲಿಪಿಲಿ, ಮಾತಿನಲ್ಲಿ ‘ಸ’ಕಾರ.

ಪಂಜಾಬಿ ಮತ್ತೆ ಗೋಡೆಗೆ ಹೋಯಿತು, ಹುಡುಗನೇ ಬೇಡವೆಂದ. ಅಡ್ಡಗೋಡೆಗಳಿದ್ದ, ಮೂಲ ಮಾದರಿಯ ಸೈಲೆನ್ಸರು ಬಂತು. ಅದನ್ನು ಕೂರಿಸಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಪಟ್ಟಿಯ ತೂತು ಕೂಡದೆ ಅರದಿಂದ ಉಜ್ಜಬೇಕಾಯಿತು. ಮತ್ತೆ ಕಿಕ್ ಹೊಡೆದಾಗ ಡುಗು ಡುಗು ಎಂದು ಎಣಿಸಬಹುದಾದಷ್ಟು ನಿಧಾನದ ಸದ್ದು. ಹುಡುಗ ಮತ್ತೆ ಬಗ್ಗಿದ.

“ಬರ್ತಾ ಇದೆ ಅಣ್ಣ. ಮೇಲಿಂದ, ಟಿಕ್ ಟಿಕ್ ಅಂತ.”

“ಏನಂದೆ?”

ಹುಡುಗ ಅವರ ಬಲಗಿವಿಯ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದ. ಮೇಸ್ತ್ರಿ ಎಂಜಿನ್ ನಿಲ್ಲಿಸಿ, ಅದು ತಣ್ಣಗಾಗಲಿ ಎಂದು ಚಹಾ ಕೈಗೆತ್ತಿಕೊಂಡರು.