ಸೊರಬ ಸೀಮೆಯ ಕೆರೆಬೇಟೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಸಾಗುವ ಹಾದಿ ಶರಣಬಂಧುಗಳಿಗೆ ಬರಿಯ ಹಾದಿಯಲ್ಲ, ಅದೊಂದು ಯಾತ್ರೆ. ಅಲ್ಲಮಪ್ರಭುದೇವರ ಬಳ್ಳಿಗಾವಿ ಈ ಸೀಮೆಯಲ್ಲಿದೆ. ಅಕ್ಕಮಹಾದೇವಿಯ ಉಡುತಡಿ ಈ ಸೀಮೆಯಲ್ಲಿದೆ. ಸೊರಬ ತಾಲ್ಲೂಕನ್ನು ಹೊಕ್ಕು ಮುಂದೆ ಹೋದರೆ ಜಡೆಯ ಸಂಸ್ಥಾನ ಮಠವಿದೆ. ಈ ಪುಣ್ಯಸ್ಥಳಗಳ ದರ್ಶನಕ್ಕೆಂದು ಹೊರಡುವವರು ಹಾದಿಯುದ್ದಕ್ಕೂ ಇನ್ನೊಂದನ್ನು ಕಾಣುತ್ತಾರೆ; ಆದರೆ ಅದಕ್ಕೆ ಕೈಮುಗಿಯದೆ ಮುಂದೆ ಸಾಗುತ್ತಾರೆ. ಅವೇ ಕೆರೆಗಳು. ಊರಿಗೊಂದು, ಊರ ಬದಿಯ ಕಾಡಿಗೊಂದು, ಒಂದರ ಕೋಡಿಯ ನೀರು ಇನ್ನೊಂದರ ಒಡಲಿಗೆ ಇಳಿಯುವಂತೆ ನಮ್ಮ ಹಿರಿಯರು ಕಟ್ಟಿಟ್ಟ ಕೆರೆಗಳು. ಈ ಕೆರೆಗಳನ್ನೂ, ಅವುಗಳಲ್ಲಿ ಬೇಸಿಗೆಯ ಕೊನೆಗೆ ನಡೆಯುವ ‘ಕೆರೆಬೇಟೆ’ ಎಂಬ ವಿಶಿಷ್ಟ ಆಚರಣೆಯನ್ನೂ ಕುರಿತು ನಾವು ಕಂಡುದನ್ನು, ಕಂಡು ಆಲೋಚಿಸಿದುದನ್ನು ಓದುಗ ಬಂಧುಗಳ ಮುಂದಿಡಬೇಕೆಂಬುದು ಈ ಬರಹದ ಉದ್ದೇಶ.

ಈ ನೆಲದಲ್ಲಿ ಕೆರೆಗೂ ಶಿವಭಕ್ತಿಗೂ ಇರುವ ನಂಟು ಇಂದಿನದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರಿಗೆ ನಿಂತಿರುವ 5ನೆಯ ಶತಮಾನದ ಕಂಬವನ್ನು ಕದಂಬರ ಚರಿತ್ರೆಗಾಗಿ ಎಲ್ಲರೂ ನೆನೆಯುತ್ತಾರೆ. ಆದರೆ ಕುಬ್ಜನೆಂಬ ಕವಿಯ ಸಂಸ್ಕೃತ ಶಾಸನವನ್ನು ಹೊತ್ತ ಆ ಕಂಬದ ಮುಖ್ಯ ಸಂಗತಿಗಳಲ್ಲಿ ಒಂದು, ಶಿವಾಲಯದ ಬಳಿ ಅರಸ ಕಾಕುಸ್ಥವರ್ಮನು ಕೆರೆಯೊಂದನ್ನು ಕಟ್ಟಿಸಿದನೆಂಬುದು. ಅರಸುಮನೆತನದ ಹಿರಿಮೆಯನ್ನೆಲ್ಲ ಹಾಡಿದ ಶಾಸನವು ಕಟ್ಟಕಡೆಗೆ ಬಂದು ನಿಲ್ಲುವುದು ನೀರಿನ ದಡದಲ್ಲಿ. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ನೂರಾರು ಶಾಸನಗಳು ಸೇರಿವೆ. ನಾಡಿನ ಹಳೆಯ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಬಿಟ್ಟುಕೊಟ್ಟ ಭೂಮಿಯನ್ನೂ ಬೆಳೆಯ ಪಾಲನ್ನೂ ಸೂಚಿಸುತ್ತವೆ. ಕೆರೆಯನ್ನು ಕಟ್ಟುವುದು ಒಂದು ದಿನದ ಪುಣ್ಯ. ಅದನ್ನು ಉಳಿಸಿಕೊಳ್ಳುವುದು ತಲೆತಲಾಂತರದ ಕಾಯಕ ಎಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು.

ಸೊರಬದ ಬದಿಯಲ್ಲಿ ಹರಿಯುವ ದಂಡಾವತಿಯು ವರದಾ ನದಿಯನ್ನು ಸೇರುತ್ತದೆ. ವರದೆಯು ತುಂಗಭದ್ರೆಯನ್ನು ಸೇರುತ್ತದೆ. ಮಲೆನಾಡು ಮುಗಿದು ಬಯಲು ಮೊದಲಾಗುವ ಈ ಅರೆಮಲೆನಾಡಿನಲ್ಲಿ ಮಳೆ ನಾಲ್ಕು ತಿಂಗಳು ಧಾರಾಳವಾಗಿ ಸುರಿದು ಅನಂತರ ಮುಖ ತಿರುಗಿಸುತ್ತದೆ. ಆ ನೀರನ್ನು ಹಿಡಿದಿಟ್ಟು ಗದ್ದೆಗೆ ಕಾಲಕಾಲಕ್ಕೆ ಬಿಡುವುದೇ ಕೆರೆಯ ಧರ್ಮ. ಏರಿ ನೀರನ್ನು ತಡೆಯುತ್ತದೆ, ತೂಬು ಅಳತೆಯಿಂದ ಹಂಚುತ್ತದೆ, ಕೋಡಿ ಹೆಚ್ಚಾದುದನ್ನು ಹೊರಗೆ ಕಳುಹಿಸುತ್ತದೆ. ಕೆರೆ ತುಂಬಿ ಕೋಡಿ ಬಿದ್ದಾಗ ನಮ್ಮ ಮನೆಗಳ ತಾಯಂದಿರು ಮಡಿಲಕ್ಕಿ ಹಾಕಿ ಬಾಗಿನ ಅರ್ಪಿಸುತ್ತಾರೆ. ಅದು ಕೆರೆಯ ತುಂಬುಹೊಟ್ಟೆಯ ಹಬ್ಬ. ಕೆರೆಬೇಟೆಯು ಅದೇ ಕೆರೆಯ ಬರಿಹೊಟ್ಟೆಯ ಹಬ್ಬ. ಮೊದಲನೆಯದನ್ನು ನಾವು ಬಲ್ಲೆವು. ಎರಡನೆಯದರಿಂದ ದೂರವೇ ನಿಂತಿದ್ದೇವೆ.

ಬೆಳೆಗೆ ನೀರು ಬಿಟ್ಟು, ಬಿಸಿಲಿಗೆ ನೀರು ಆರಿ, ಏಪ್ರಿಲ್, ಮೇ ತಿಂಗಳ ಹೊತ್ತಿಗೆ ಸಣ್ಣ ಕೆರೆಗಳಲ್ಲಿ ಮೊಣಕಾಲುದ್ದವೋ ಸೊಂಟದುದ್ದವೋ ನೀರು ಉಳಿಯುತ್ತದೆ. ವರ್ಷವಿಡೀ ಬೆಳೆದ ಮೀನು ಆ ಕೆಸರುನೀರಿನಲ್ಲಿ ಒತ್ತೊತ್ತಾಗಿ ಸೇರಿರುತ್ತದೆ. ಇನ್ನು ಕೆಲವು ವಾರ ಮಳೆ ಬಾರದಿದ್ದರೆ ಅದು ತಾನಾಗಿಯೇ ಸತ್ತು ನೀರನ್ನು ಕೆಡಿಸುವ ಸಂಭವವೂ ಉಂಟು. ಆಗ ಗ್ರಾಮ ಸಮಿತಿಯವರು ಸೇರಿ ಒಂದು ದಿನವನ್ನು ಗೊತ್ತುಮಾಡುತ್ತಾರೆ. ಸುದ್ದಿ ಸೊರಬ, ಸಾಗರ, ಶಿಕಾರಿಪುರ ಸೀಮೆಗಳ ಹಳ್ಳಿಗಳಿಗೆಲ್ಲ ಹಬ್ಬುತ್ತದೆ. ಹಿಂದೆ ಬಾಯಿಮಾತಿನಿಂದ ಹೋಗುತ್ತಿದ್ದ ಸುದ್ದಿ ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಹೋಗುತ್ತದೆ ಎಂಬಷ್ಟೇ ವ್ಯತ್ಯಾಸ.

ಬೇಟೆಯ ಆಯುಧ ‘ಕೂಣಿ’. ಬಿದಿರಿನ ಸೀಳುಗಳನ್ನು ಒತ್ತಾಗಿ ಹೆಣೆದು ಮಾಡಿದ ಬುಟ್ಟಿಯಂತಹ ಸಾಧನವಿದು, ತಳವಿಲ್ಲ. ಕೆಳಗಿನ ಬಾಯಿ ಅಗಲ, ಮೇಲಿನ ಬಾಯಿ ಒಂದು ಕೈ ಇಳಿಯುವಷ್ಟು ಕಿರಿದು. ಇದನ್ನು ಎರಡೂ ಕೈಗಳಿಂದ ಎತ್ತಿ ಕೆಸರಿನಲ್ಲಿ ಊರಬೇಕು. ಒಳಗೆ ಮೀನು ಸಿಕ್ಕಿದ್ದರೆ ಅದು ಬಿದಿರಿಗೆ ಬಡಿದುಕೊಳ್ಳುತ್ತದೆ. ಆ ಬಡಿತ ಅಂಗೈಗೆ ತಿಳಿಯುತ್ತದೆ. ಕೂಡಲೇ ಮೇಲಿನ ಬಾಯಿಯಿಂದ ಕೈಯಿಳಿಸಿ ತಡಕಿ ಹಿಡಿಯಬೇಕು. ಗಾಳವಿಲ್ಲ, ಎರೆಯಿಲ್ಲ, ಕಣ್ಣಿಗೆ ಕಾಣದ ಮೀನನ್ನು ಕೈಯೇ ಕಾಣಬೇಕು. ಇಡೀ ಬೇಟೆಯ ಜಾಣ್ಮೆ ಇರುವುದು ಆ ಅಂಗೈಯಲ್ಲಿ.

ಸೊರಬ ತಾಲ್ಲೂಕಿನ ಒಂದು ಗ್ರಾಮದಲ್ಲಿ ಏರಿಯ ಮೇಲೆ ನಿಂತು ನಾವು ಈ ಬೇಟೆಯನ್ನು ನೋಡಿದೆವು. ಬೆಳಗಿನಿಂದಲೇ ಜನ ಕೂಣಿಗಳನ್ನು ಹೆಗಲ ಮೇಲೆ ಹೊತ್ತು ಬಂದು ದಡದ ಸುತ್ತ ಸಾಲಾಗಿ ನಿಂತಿದ್ದರು. ಪ್ರತಿ ಕೂಣಿಗೂ ಇಂತಿಷ್ಟೆಂದು ಶುಲ್ಕ, ತೆತ್ತವರಿಗೆ ಚೀಟಿ. ಬಲೆಗೆ ಅವಕಾಶವಿರಲಿಲ್ಲ. ಸೂಚನೆ ದೊರೆಯುವ ಮುನ್ನ ಒಂದು ಹೆಜ್ಜೆಯನ್ನೂ ನೀರಿಗಿಡುವಂತಿಲ್ಲ. ಸಮಿತಿಯ ಹಿರಿಯರು ಕೆರೆಗೆ ಪೂಜೆ ಸಲ್ಲಿಸಿ ಸನ್ನೆ ಮಾಡಿದೊಡನೆ ನೂರಾರು ಕೂಣಿಗಳು ಒಮ್ಮೆಗೇ ನೀರಿಗಿಳಿದ ಸದ್ದು ಮಳೆಯ ಮೊದಲ ಹೊಡೆತದಂತೆ ಕೇಳಿಸಿತು. ಗಳಿಗೆಯೊಳಗೆ ನೀರು ಕೆಸರಾಯಿತು, ಮುಖಗಳೆಲ್ಲ ಕೆಸರಾದವು; ಯಾರು ಒಡೆಯ, ಯಾರು ಆಳು, ಯಾವ ಕೇರಿಯವರೆಂಬುದನ್ನು ಏರಿಯ ಮೇಲಿನಿಂದ ಗುರುತಿಸಲಾಗದು. ಹಿಡಿದ ಮೀನು ಹಿಡಿದವರದೇ. ಕೆಲವರಿಗೆ ಚೀಲ ತುಂಬಿತು. ಹಲವರು ಬರಿಗೈಯಲ್ಲಿ ನಗುತ್ತ ಮೇಲೆ ಬಂದರು. ಕೂಣಿಯ ಶುಲ್ಕದಿಂದ ಕೂಡಿದ ಹಣ ಮಾತ್ರ ಯಾರೊಬ್ಬರ ಮನೆಗೂ ಹೋಗುವುದಲ್ಲ. ಅದು ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಊರ ಹಬ್ಬಕ್ಕೆ, ಕೆರೆಯ ಕೆಲಸಕ್ಕೆ ಸಲ್ಲತಕ್ಕದ್ದೆಂಬುದು ಈ ಸೀಮೆಯ ವಾಡಿಕೆ.

ಇಲ್ಲಿ ನಮ್ಮ ಓದುಗರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಜೀವದಯೆಯನ್ನು ಆಚಾರದ ಮೊದಲ ಮೆಟ್ಟಿಲಾಗಿ ತಿಳಿದ ಲಿಂಗವಂತರ ಮನೆಗಳಿಗೆ ಮೀನಿನ ಬೇಟೆಯಿಂದ ಆಗಬೇಕಾದುದೇನು? ಶಾಕಾಹಾರವು ನಮ್ಮ ಮನೆಗಳ ವ್ರತ. ಅದರಲ್ಲಿ ಸಡಿಲಿಕೆಯ ಮಾತಿಲ್ಲ. ಆದರೆ ವ್ರತವು ನಮ್ಮನ್ನು ತಿದ್ದುವುದಕ್ಕಿದೆಯೇ ಹೊರತು ನೆರೆಯವರನ್ನು ಹಳಿಯುವುದಕ್ಕಲ್ಲ. ನೀರಿನ ಕಾಯಕದಿಂದಲೇ ಬದುಕಿದ ಅಂಬಿಗರ ಚೌಡಯ್ಯನವರು 12ನೆಯ ಶತಮಾನದಲ್ಲಿ ಶರಣರ ನಡುವೆ ಸರಿಸಮಾನರಾಗಿ ಕುಳಿತರು, ಅತ್ಯಂತ ನಿಷ್ಠುರವಾದ ಮಾತುಗಳನ್ನು ಆಡಿದರು, ಎಲ್ಲರೂ ಕೇಳಿದರು. ತುಂಗಭದ್ರೆಯ ದಡದ ಚೌಡಯ್ಯದಾನಪುರ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ನಮ್ಮ ಮನೆಯ ಒಲೆಯ ಮೇಲೆ ಏನು ಬೇಯುತ್ತದೆಂಬುದು ನಮ್ಮ ಆಚಾರ. ಊರ ಕೆರೆಯಲ್ಲಿ ನೀರು ಉಳಿಯುತ್ತದೆಯೇ ಎಂಬುದು ಎಲ್ಲರ ಆಚಾರ.

ದಯೆಯ ಪ್ರಶ್ನೆಯನ್ನು ಇನ್ನೂ ಸೂಕ್ಷ್ಮವಾಗಿ ನೋಡಲು ದೂರದ ಇಂಗ್ಲೆಂಡಿನ ಒಂದು ರೂಢಿಯನ್ನು ನೆನೆಯಬಹುದು. ಅಲ್ಲಿ ಮೀನು ಹಿಡಿಯುವ ಸ್ಪರ್ಧೆಗಳಿಗೆಂದೇ ಹಣ ಪಡೆದು ನಡೆಸುವ ಸಣ್ಣ ಸಣ್ಣ ಕೆರೆಗಳಿವೆ. ಕೊರೆಯುವ ಚಳಿಗಾಲದಲ್ಲಿಯೂ ಸ್ಪರ್ಧೆ ನಿಲ್ಲದು. ದಡದ ಸುತ್ತ ಸಂಖ್ಯೆ ಹಾಕಿದ ಸ್ಥಾನಗಳಿರುತ್ತವೆ. ಯಾರು ಎಲ್ಲಿ ಕೂರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ತಣ್ಣೀರಿನಲ್ಲಿ ಮೀನು ಮಂದವಾಗಿ ಆಹಾರವನ್ನೇ ಬಯಸದಿರುವುದರಿಂದ ನೂಲಿನಂತಹ ದಾರ, ಕಿರಿದಾದ ಗಾಳ, ಚಿಟಿಕೆಯಷ್ಟು ಎರೆ ಹಿಡಿದು ಗಂಟೆಗಟ್ಟಲೆ ಕಾಯುತ್ತಾರೆ. ಹಿಡಿದ ಮೀನನ್ನು ನೀರಿನೊಳಗೇ ಬಲೆಚೀಲದಲ್ಲಿ ಜೀವಂತವಾಗಿಟ್ಟು, ಕೊನೆಗೆ ತೂಗಿ, ತೂಕದ ಮೇಲೆ ಬಹುಮಾನ ನೀಡಿ, ಎಲ್ಲವನ್ನೂ ಮರಳಿ ಕೆರೆಗೇ ಬಿಡುತ್ತಾರೆ. ಕೊಲ್ಲದೆ ಬಿಡುವುದು ದಯೆಯಂತೆ ತೋರುತ್ತದೆ. ಆದರೆ ಹಸಿವಿಲ್ಲದೆ ಕೇವಲ ಆಟಕ್ಕಾಗಿ ಗಾಳವನ್ನು ಚುಚ್ಚುವುದು ದಯೆಯೇ? ನಮ್ಮ ಕೆರೆಬೇಟೆಯಲ್ಲಿ ಆಟದ ಉತ್ಸಾಹವಿದ್ದರೂ ಹಿಡಿದುದು ಉಣ್ಣುವವರ ಊಟವಾಗುತ್ತದೆ. ತಕ್ಕಡಿಯ ಯಾವ ತಟ್ಟೆ ಭಾರವೆಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಅಲ್ಲಿಯ ಕೆರೆ ಸ್ಪರ್ಧೆಗಾಗಿ ಇದೆ, ಇಲ್ಲಿಯ ಬೇಟೆ ಕೆರೆಯಿಂದಾಗಿ ಇದೆ ಎಂಬ ಭೇದವನ್ನು ಮಾತ್ರ ಗಮನಿಸಬೇಕು. ಗದ್ದೆಗೆ ನೀರುಣಿಸಲೆಂದು ಕಟ್ಟಿದ ಕೆರೆ ತನ್ನ ಕೆಲಸವನ್ನು ಮುಗಿಸಿದ ಮೇಲೆ ಕೊಡುವ ಕೊನೆಯ ಪ್ರಸಾದದಂತೆ ಹಳ್ಳಿಗರು ಇದನ್ನು ಭಾವಿಸುತ್ತಾರೆ.

ಆ ದೇಶದಿಂದ ನಾವು ಕಲಿಯತಕ್ಕ ಒಂದು ಸಂಯಮವೂ ಉಂಟು. ಅಲ್ಲಿಯ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಇಂತಹ ಮೀನುಗಳನ್ನು ಹಿಡಿಯುವಂತಿಲ್ಲ. ಅದು ಅವು ಮೊಟ್ಟೆಯಿಡುವ ಕಾಲ. ನಮ್ಮಲ್ಲಿ ಆ ಕಾಲವು ಮುಂಗಾರಿನೊಡನೆ ಬರುತ್ತದೆ. ಮೊದಲ ಮಳೆಯ ಹೊಸನೀರಿಗೆ ಎದುರಾಗಿ ಮೀನುಗಳು ಹಳ್ಳ, ಕಾಲುವೆ, ಗದ್ದೆಗಳಿಗೆ ಹತ್ತಿ ಬರುತ್ತವೆ. ‘ಹತ್ತುಮೀನು’ ಎಂದು ಕರೆದು ಮೊಟ್ಟೆ ತುಂಬಿದ ಆ ಬಸುರಿ ಮೀನುಗಳನ್ನು ರಾತ್ರಿಯೆಲ್ಲ ಕಡಿಯುವ ರೂಢಿ ಮಲೆನಾಡಿನಲ್ಲಿದೆ. ಒಂದನ್ನು ಕೊಂದಾಗ ಮುಂದಿನ ಸಾವಿರವನ್ನು ಕೊಂದಂತೆ. ಬೇಸಿಗೆಯ ಕೊನೆಗೆ, ಒಣಗುವ ನೀರಿನಲ್ಲಿ, ಊರೆಲ್ಲ ಒಪ್ಪಿ, ಒಂದೇ ದಿನ ನಡೆಸುವ ಕೆರೆಬೇಟೆಗೂ ಈ ಕಡಿತಕ್ಕೂ ಅಜಗಜಾಂತರವಿದೆ. ಮೀನನ್ನು ಉಣ್ಣುವವರೂ ಈ ಭೇದವನ್ನು ಬಲ್ಲರು. ಹಿರಿಯರು ಹತ್ತುಮೀನನ್ನು ಬಿಡಿರೆಂದು ಹೇಳುವುದನ್ನು ನಾವೇ ಕೇಳಿದ್ದೇವೆ.

ಈಗ ಚಿಂತೆಯ ವಿಷಯಕ್ಕೆ ಬರೋಣ. ಕೆರೆಯ ಪಾತ್ರದಲ್ಲಿ ವರ್ಷದಿಂದ ವರ್ಷಕ್ಕೆ ಹೂಳು ಏರುತ್ತಿದೆ. ಭತ್ತದ ಗದ್ದೆಗಳು ಅಡಿಕೆಯ ತೋಟಗಳಾಗಿ, ಮೆಕ್ಕೆಜೋಳದ, ಶುಂಠಿಯ ಹೊಲಗಳಾಗಿ ಮಾರ್ಪಟ್ಟಿವೆ. ತೋಟಕ್ಕೆ ಕೊಳವೆಬಾವಿ ಬಂದ ಮೇಲೆ ತೂಬಿನ ಕಡೆಗೆ ನೋಡುವವರು ಕಡಿಮೆಯಾದರು. ನೀರುಗಂಟಿಯ ಕಾಯಕವೇ ಹಲವೆಡೆ ಮರೆಯಾಗಿದೆ. ಅನೇಕ ಕೆರೆಗಳ ಮೀನಿನ ಹಕ್ಕು ಹರಾಜಿನಲ್ಲಿ ಗುತ್ತಿಗೆಗೆ ಹೋಗುತ್ತದೆ, ಕಾಟ್ಲಾ, ರೋಹು, ಗೆಂಡೆಯ ಮರಿಗಳನ್ನು ಬಿಟ್ಟು ಬೆಳೆಸುವ ಗುತ್ತಿಗೆದಾರನಿಗೆ ಕೆರೆಯು ಲಾಭದ ಬಾಬು, ಅದನ್ನು ತಪ್ಪೆನ್ನಲಾಗದು. ಆದರೆ ಅದರೊಡನೆ ಊರವರು ಕೆರೆಯ ದಡದಲ್ಲಿ ಒಂದಾಗಿ ನಿಲ್ಲುವ ದಿನವೂ ಇಲ್ಲವಾಗುತ್ತದೆ. ಕೆರೆಬೇಟೆ ಉಳಿದಿರುವಲ್ಲಿಯೂ ಶುಲ್ಕ ಏರಿ, ಜನ ಸಾವಿರಗಟ್ಟಲೆ ಸೇರಿ, ಮೀನು ದೊರೆಯದೆ ಕಲಹವಾದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. 2024ರಲ್ಲಿ ‘ಕೆರೆಬೇಟೆ’ ಎಂಬ ಹೆಸರಿನ ಚಲನಚಿತ್ರವೊಂದು ಬಂದ ಮೇಲೆ ಈ ಆಚರಣೆಯ ಹೆಸರು ದೂರದ ಪಟ್ಟಣಗಳಿಗೂ ತಲುಪಿತು. ಹೆಸರು ತಲುಪುವುದು ಸಂತೋಷವೇ; ಆದರೆ ಕೆರೆಯೇ ಇಲ್ಲದ ಮೇಲೆ ಹೆಸರು ಯಾವ ನೀರಿನಲ್ಲಿ ನಿಂತೀತು?

ಈ ಹೊತ್ತಿನಲ್ಲಿ ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. ಸೊನ್ನಲಿಗೆಯಲ್ಲಿ ಕೆರೆ ತೋಡಿಸುವುದರಲ್ಲಿ ಮಗ್ನರಾಗಿದ್ದ ಸಿದ್ಧರಾಮರ ಬಳಿಗೆ ಈ ಬಳ್ಳಿಗಾವಿಯ ಅಲ್ಲಮಪ್ರಭುಗಳೇ ಹೋಗಿ ಕಟುವಾಗಿ ಪ್ರಶ್ನಿಸುತ್ತಾರೆ. ಹೊರಗಿನ ಕೆರೆಯಲ್ಲಿಯೇ ಮುಳುಗಿ ಒಳಗಿನ ಅರಿವನ್ನು ಮರೆಯಬಾರದೆಂಬುದು ಆ ಪ್ರಶ್ನೆಯ ತಿರುಳು. ಅದನ್ನು ಓದಿ ಕೆರೆ ಕಟ್ಟುವುದೇ ಹೀನವೆಂದು ಯಾರೂ ತಿಳಿಯಲಾಗದು. ಸೊಲ್ಲಾಪುರದ ಆ ಕೆರೆ ಇಂದಿಗೂ ಇದೆ. ಅದರ ನೀರಿನ ನಡುವೆ ಸಿದ್ಧೇಶ್ವರ ದೇವಾಲಯವಿದೆ. ಅರಿವು ಬಂದ ಮೇಲೆ ಕೆರೆ ಬೇಡವಾಗುವುದಿಲ್ಲ. ಅದು ನನ್ನದೆಂಬ ಮಾತು ಬೇಡವಾಗುತ್ತದೆ. ಇಂದು ನಮ್ಮ ಕಷ್ಟ ಬೇರೆಯದು. ಕೆರೆ ನನ್ನದೆನ್ನುವವರೂ ಇಲ್ಲ, ನಮ್ಮದೆನ್ನುವವರೂ ಕಡಿಮೆ.

ಆದುದರಿಂದ ಈ ಸೀಮೆಯ ನಮ್ಮ ಮನೆತನಗಳಲ್ಲಿ ಒಂದು ಬಿನ್ನಹ. ಕೆರೆಬೇಟೆಯಲ್ಲಿ ನಾವು ಕೂಣಿ ಹಿಡಿಯುವವರಲ್ಲ. ಆದರೆ ಆ ದಿನ ಕೆರೆಯ ತಳವು ಕಣ್ಣಿಗೆ ಕಾಣುತ್ತದೆ. ಎಲ್ಲಿ ಹೂಳು ತುಂಬಿದೆ, ಎಲ್ಲಿ ಏರಿ ಕುಸಿದಿದೆ, ಎಲ್ಲಿ ಬೇಲಿ ಕೆರೆಯೊಳಗೆ ಸರಿದಿದೆ ಎಂಬುದನ್ನು ಅಂದು ಮಗುವೂ ತೋರಿಸಬಲ್ಲದು. ಬೇಟೆ ಮುಗಿದ ದಿನದಿಂದ ಮಳೆ ಹಿಡಿಯುವ ದಿನದವರೆಗೆ ದೊರೆಯುವ ಕೆಲವೇ ವಾರಗಳು ಹೂಳೆತ್ತಲು ಪ್ರಶಸ್ತ ಕಾಲ. ಕೂಣಿಯ ಶುಲ್ಕದ ಒಂದು ಭಾಗ ಕೆರೆಗೇ ಮರಳಬೇಕೆಂದು ಗ್ರಾಮಸಭೆಯಲ್ಲಿ ಕೇಳುವವರು ನಾವಾಗಬಹುದು. ಆ ಹಣಕ್ಕೆ ನಮ್ಮ ಮನೆಯ ಮದುವೆ, ಗೃಹಪ್ರವೇಶಗಳ ಕಾಣಿಕೆಯನ್ನು ಸೇರಿಸಬಹುದು. ಎತ್ತಿದ ಹೂಳನ್ನು ಹೊಲಕ್ಕೆ ಸಾಗಿಸಲು ಗಾಡಿಯನ್ನೋ ಟ್ರ್ಯಾಕ್ಟರನ್ನೋ ಕೊಡಬಹುದು. ಇದೂ ದಾಸೋಹವೇ. ಅನ್ನದ ದಾಸೋಹ ಒಂದು ಹೊತ್ತಿನದು. ಕೆರೆಯ ದಾಸೋಹದಲ್ಲಿ ಉಣ್ಣುವವರ ಲೆಕ್ಕ ಸಿಗದು. ಸೊರಬ ತಾಲ್ಲೂಕಿನ ಗುಡವಿಯ ಕೆರೆಗೆ ಮಳೆಗಾಲದಲ್ಲಿ ಬಂದು ಗೂಡುಕಟ್ಟುವ ಬಿಳಿಯ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳೂ ಆ ಪಂಕ್ತಿಯಲ್ಲಿಯೇ ಕುಳಿತಿವೆ.

ಬಳ್ಳಿಗಾವಿ, ಉಡುತಡಿಗಳ ದರ್ಶನಕ್ಕೆ ಬರುವ ಭಕ್ತರು ಇನ್ನು ಮುಂದೆ ತಾಳಗುಂದದ ಕಂಬದ ಬಳಿಯೂ ಒಂದು ಗಳಿಗೆ ನಿಲ್ಲಲಿ. ಸೊರಬದ ಯಾವುದಾದರೊಂದು ಕೆರೆಯ ಏರಿಯ ಮೇಲೆ ಮಕ್ಕಳೊಡನೆ ನಡೆಯಲಿ. ತೂಬೆಂದರೇನು, ಕೋಡಿಯೆಂದರೇನು ಎಂದು ಅವರಿಗೆ ಹೇಳಲಿ. ಮೀನು ಹಿಡಿಯುವವನೂ ಹಿಡಿಯದವನೂ ಒಂದೇ ನೀರನ್ನು ಕುಡಿಯುವ ಊರು ಚೆನ್ನಾಗಿರಲಿ. ಈ ಸೀಮೆಯ ಕೆರೆಗಳು ವರ್ಷವರ್ಷವೂ ತುಂಬಿ ಕೋಡಿ ಬೀಳಲೆಂದು ಗುರುಲಿಂಗಜಂಗಮರಲ್ಲಿ ಪ್ರಾರ್ಥಿಸುತ್ತೇವೆ. ಶರಣು ಶರಣಾರ್ಥಿ.