ಹಗುರಾದ ಪೆಡಲ್

ಅಪ್ಪನ ಎಡ ಮೊಣಕಾಲು ಮತ್ತು ಅಪ್ಪನ ಕ್ವಾಲಿಸ್‌ನ ಕ್ಲಚ್ಚು ಒಂದೇ ಚಳಿಗಾಲದಲ್ಲಿ ಕೈಕೊಟ್ಟವು. ಮೊಣಕಾಲು ತೋರಿಸಲೆಂದು ಅಪ್ಪ-ಅವ್ವನನ್ನು ಧಾರವಾಡದಿಂದ ಪುಣೆಗೆ ಅದೇ ಗಾಡಿಯಲ್ಲಿ ಕರೆತಂದಿದ್ದೆ. ಇನೋವಾ ಬರುವ ಮೊದಲು, 2000ದಿಂದ 2005ರವರೆಗೆ ಬಿಡದಿಯಲ್ಲಿ ತಯಾರಾದ ಗಾಡಿ ಕ್ವಾಲಿಸ್. ನಮ್ಮದು 2004ರದು, ಕೆಎ-25. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಈ ಗಾಡಿಯನ್ನು ಎರಡು ವರ್ಷದ ಹಿಂದಿನವರೆಗೂ ತಾವೇ ಓಡಿಸುತ್ತಿದ್ದರು. ಆಮೇಲೆ ಕ್ಲಚ್ ಒತ್ತಿದಾಗಲೆಲ್ಲ ಮೊಣಕಾಲು ಚುಚ್ಚತೊಡಗಿತು. ಯಾರಿಗೂ ಹೇಳದೆ ಕೀಲಿಯನ್ನು ದೇವರ ಮನೆಯ ಮೊಳೆಗೆ ನೇತುಹಾಕಿಬಿಟ್ಟರು.

ಪುಣೆ ಮುಟ್ಟುವಷ್ಟರಲ್ಲಿ ಕ್ಲಚ್ ಜಾರಲು ಶುರುವಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ಕೆಳಗೆ ಬಗ್ಗಿ ನೋಡಿದರೆ ಸ್ಲೇವ್ ಸಿಲಿಂಡರಿನಿಂದ ಎಣ್ಣೆ ಜಿನುಗುತ್ತಿತ್ತು. ನಾನು ಇಲ್ಲಿಗೆ ಬಂದ ಹೊಸದರಿಂದ ನನ್ನ ಗಾಡಿಗಳನ್ನು ನೋಡುವವರು ವಾರಜೆಯ ಒಬ್ಬ ಹಿರಿಯ ಮೆಕ್ಯಾನಿಕ್. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಮರಾಠಿಯಲ್ಲೂ ಕಾಕಾ, ನಮ್ಮ ಧಾರವಾಡದ ಕಡೆಯೂ ಕಾಕಾ, ಹಾಗಾಗಿ ಆ ಸಂಬಂಧಕ್ಕೆ ಅನುವಾದ ಬೇಕಾಗಿರಲಿಲ್ಲ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಜೊತೆಗೊಂದು ಸ್ಲೇವ್ ಸಿಲಿಂಡರ್ ಬೇಕು ಎಂದು ಚೀಟಿ ಬರೆದುಕೊಟ್ಟರು.

ನಾನಾ ಪೇಠೆಯ ಅಂಗಡಿಯೊಂದರಲ್ಲಿ ಎಲ್ಲವೂ ಸಿಕ್ಕಿತು. ಕಂಪನಿಯ ಅಸಲಿ ಸ್ಲೇವ್ ಬರಲು ವಾರವಾಗುತ್ತದೆ, ಇದು ಬೇರೆ ಕಂಪನಿಯದು, ಇಂದೇ ಒಯ್ಯಿರಿ ಎಂದ ಅಂಗಡಿಯವನು. ನಾನು ಅನುಮಾನಿಸುವುದನ್ನು ನೋಡಿ, "ಪೆಡಲ್ ಮಖ್ಖನ್ ಹೋ ಜಾಯೇಗಾ" ಎಂದು ಸೇರಿಸಿದ. ಪೆಡಲ್ ಬೆಣ್ಣೆಯಾಗುತ್ತದಂತೆ! ನನಗೆ ಅಪ್ಪನ ಮೊಣಕಾಲು ನೆನಪಾಯಿತು. ಬೆಲೆಯನ್ನೂ ಚೌಕಾಸಿ ಮಾಡಲಿಲ್ಲ.

ಎರಡು ದಿನದಲ್ಲಿ ಕಾಕಾ ಗಾಡಿ ಸಿದ್ಧಮಾಡಿದರು. ಬೆಣ್ಣೆಯೇ ಆಗಿತ್ತು. ಹೆಬ್ಬೆರಳಲ್ಲಿ ಒತ್ತಿದರೂ ಕೆಳಗಿಳಿಯುವಂತಿತ್ತು ಪೆಡಲ್. ಅಪ್ಪ ಮತ್ತೆ ಓಡಿಸಬಹುದು ಎಂದು ಖುಷಿಯಲ್ಲಿ ಮನೆಗೆ ಬಂದು, ಪಾರ್ಕಿಂಗಿನಲ್ಲಿ ರಿವರ್ಸ್ ಹಾಕಿದೆ. ಕರ್ರ್ ಎಂದು ಹಲ್ಲು ಕಡಿದ ಸದ್ದು.

ಮರುದಿನ ಮತ್ತೆ ಕಾಕಾನ ಬಳಿ. ಬ್ಲೀಡ್ ಮಾಡಿದರು. ಹೈಡ್ರಾಲಿಕ್ ಕ್ಲಚ್‌ನಲ್ಲಿ ಕೇಬಲ್ ಇರುವುದಿಲ್ಲ. ಪೆಡಲ್ ಒತ್ತಿದರೆ ಮೇಲಿನ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಕೊಳವೆಗೆ ತಳ್ಳುತ್ತದೆ, ಆ ಎಣ್ಣೆ ಕೆಳಗೆ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ, ಅದು ಫೋರ್ಕನ್ನು ತಳ್ಳುತ್ತದೆ. ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ನಿಮ್ಮ ಕಾಲಿನ ಬಲವೆಲ್ಲ ಗಾಳಿಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ, ಪಿಸ್ಟನ್ ಪೂರ್ತಿ ಓಡುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಆದ್ದರಿಂದ ಗೇರ್ ಕಿರುಗುಟ್ಟಿದರೆ ಮೊದಲ ಅನುಮಾನ ಗಾಳಿಯ ಮೇಲೆ. ಇಷ್ಟನ್ನು ನಾನು ವಿಡಿಯೋ ನೋಡಿ ಕಲಿತಿದ್ದೆ. ಇನ್ನೊಂದನ್ನೂ ಆ ವಿಡಿಯೋಗಳಲ್ಲಿ ಹೇಳಿದ್ದರು: ಗಾಳಿ ಇದ್ದರೆ ಪೆಡಲನ್ನು ಮೂರ್ನಾಲ್ಕು ಬಾರಿ ಪಟಪಟ ಒತ್ತಿದಾಗ ಗಟ್ಟಿಯಾಗುತ್ತದೆ, ಆಗ ಗೇರ್ ಸಲೀಸಾಗಿ ಬೀಳುತ್ತದೆ. ನಮ್ಮ ಗಾಡಿಯಲ್ಲಿ ಎಷ್ಟು ಬಾರಿ ಒತ್ತಿದರೂ ವ್ಯತ್ಯಾಸವಿರಲಿಲ್ಲ. ಅದನ್ನು ನೋಡಿಯೂ ನೋಡದಂತಿದ್ದೆ, ಏಕೆಂದರೆ ಅಷ್ಟರಲ್ಲಿ ತಪ್ಪು ಯಾರದೆಂದು ನಾನು ತೀರ್ಮಾನಿಸಿಯಾಗಿತ್ತು.

ಮೂರನೇ ಸಲ ಹೋದಾಗ ಗ್ಯಾರೇಜಿನ ಹುಡುಗರ ಮುಂದೆಯೇ ಹೇಳಿಬಿಟ್ಟೆ: "ಕಾಕಾ, ನಿಮಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬ್ಲೀಡಿಂಗ್ ಸರಿಯಾಗಿಲ್ಲ." ಅವರೇನೂ ಮಾತಾಡಲಿಲ್ಲ. ಬಟ್ಟೆಗೆ ಕೈ ಒರೆಸಿಕೊಂಡು ಒಳಗೆ ಹೋದರು. ಮಜೂರಿಯ ಬಾಕಿ ಕೊಡಹೋದರೆ ಹುಡುಗನೊಬ್ಬ ಬಂದು, ಬೇಡವಂತೆ ಎಂದ.

ಆಮೇಲೆ ಒಂದು ದೊಡ್ಡ ಗ್ಯಾರೇಜು. ಕಾಯಲು ಎ.ಸಿ. ಕೋಣೆ, ಕಾಫಿ ಯಂತ್ರ. ಮಾಸ್ಟರ್ ಸಿಲಿಂಡರ್ ಬದಲಿಸಿದರು, ರಬ್ಬರ್ ಹೋಸ್ ಬದಲಿಸಿದರು, ಯಂತ್ರ ಇಟ್ಟು ಬ್ಲೀಡ್ ಮಾಡಿದರು. ಬಿಲ್ಲು ಆರು ಸಾವಿರ ಚಿಲ್ಲರೆ. ಬೆಳಿಗ್ಗೆ ತಣ್ಣಗಿದ್ದಾಗ ಗೇರ್ ಬೀಳುತ್ತಿತ್ತು, ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಕಳೆದರೆ ಮತ್ತೆ ಅದೇ ಹಾಡು. ಹಾಗಾದರೆ ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ನೋಡಬೇಕು, ಮೊದಲು ಹಾಕಿದವರು ತಿರುಗಮುರುಗ ಹಾಕಿರಬಹುದು ಎಂದರು. ಆ ಮಾತು ನನಗೆ ಎಷ್ಟು ಹಿತವಾಗಿ ಕೇಳಿಸಿತು ಎಂದರೆ, ಇಂದು ಬರೆಯುವಾಗ ನಾಚಿಕೆಯಾಗುತ್ತದೆ.

ಗೇರ್‌ಬಾಕ್ಸ್ ಇಳಿಸಲು ಸಮಯವಿರಲಿಲ್ಲ. ಯುಗಾದಿಗೆ ಮನೆಯಲ್ಲೇ ಇರಬೇಕು ಎಂದು ಅವ್ವ ಹಟ ಹಿಡಿದಿದ್ದಳು. ಹೈವೇಯಲ್ಲಿ ಗೇರ್ ಕೆಲಸವೇ ಕಡಿಮೆ ಎಂದು ಧೈರ್ಯ ಮಾಡಿ ಶನಿವಾರ ಬೆಳಿಗ್ಗೆ ಹೊರಟೆವು. ಪುಣೆಯಿಂದ ಆ ದಾರಿಯಲ್ಲಿ ಓಡಾಡುವವರಿಗೆ ಖಂಬಾಟಕಿ ಘಾಟಿನ ರಜಾದಿನದ ಸಾಲು ಗೊತ್ತಿರುತ್ತದೆ. ಅರ್ಧ ಏರಿನಲ್ಲಿ, ಮುಂದೊಂದು ಕಬ್ಬಿಣದ ಸರಳು ಹೇರಿದ ಲಾರಿ, ಹಿಂದೊಂದು ಬಸ್ಸು, ನಮ್ಮ ಗಾಡಿಯಲ್ಲಿ ಮೊದಲ ಗೇರ್ ಬೀಳುತ್ತಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಮತ್ತೆ ತಳ್ಳಿದೆ. ಹಿಂದಿನ ಬಸ್ಸಿನ ಹಾರ್ನು. ಅವ್ವ ಬಾಯಲ್ಲಿ ಯಲ್ಲಮ್ಮನ ಹೆಸರು.

ಎಡಗಡೆ ಕೂತಿದ್ದ ಅಪ್ಪ ಮೆಲ್ಲಗೆ ಹೇಳಿದರು: "ಎಂಜಿನ್ ಆಫ್ ಮಾಡು. ಈಗ ಗೇರ್ ಹಾಕು. ಕ್ಲಚ್ ಒತ್ತಿ ಹಿಡದು ಸ್ಟಾರ್ಟ್ ಮಾಡು." ಎಂಜಿನ್ ನಿಂತಾಗ ಗೇರ್ ಬಿತ್ತು. ಕೀಲಿ ತಿರುಗಿಸಿದರೆ ಗಾಡಿ ಒಮ್ಮೆ ಮುಂದಕ್ಕೆ ತುಡಿದು ಹೊರಟಿತು. ಹಾಗೆ ಏಳೆಂಟು ಸಲ ಮಾಡಿ ಘಾಟು ಹತ್ತಿದೆವು. ಆಮೇಲೆ ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ, ಹಿರೇಬಾಗೇವಾಡಿ ಎಂದು ಪ್ರತಿ ಟೋಲ್ ನಾಕೆಯಲ್ಲೂ ಅದೇ ಕಸರತ್ತು. ಉಳಿದಂತೆ ಅಪ್ಪ ಹೇಳಿಕೊಟ್ಟ ಹಾಗೆ ಆಕ್ಸಿಲರೇಟರ್ ಬಿಟ್ಟು, ನ್ಯೂಟ್ರಲ್‌ಗೆ ತಂದು, ಎಂಜಿನ್ ಸದ್ದು ಇಳಿಯುವುದನ್ನು ಕಾದು ಗೇರ್ ಜಾರಿಸುತ್ತಿದ್ದೆ.

ನಿಪ್ಪಾಣಿ ದಾಟಿದ ಮೇಲೆ ಅಪ್ಪ ಕೇಳಿದರು.

"ಪೆಡಲ್ ಮೊದಲಿಗಿಂತ ಹಗರ ಆಗೇದ ಅಂದ್ಯಲ್ಲ, ಯಾಕ ಹಗರ ಆತು ಅಂತ ಕೇಳ್ದ್ಯಾ?"

"ಹೊಸಾ ಸಾಮಾನಲ್ಲ, ಅದಕ್ಕ."

"ಹೊಸಾದಾದ್ರ ಸಲೀಸಾಗಬೇಕು. ಹಗರ ಯಾಕಾಗಬೇಕು? ಪಿಸ್ಟನ್ ಎಷ್ಟು ಓಡ್ತದ, ಅಳದ್ಯೇನು?"

ಅಳೆದಿರಲಿಲ್ಲ. ನಾನೂ ಅಳೆದಿರಲಿಲ್ಲ, ಕಾಕಾನೂ ಅಳೆದಿರಲಿಲ್ಲ, ಎ.ಸಿ. ಕೋಣೆಯವರೂ ಅಳೆದಿರಲಿಲ್ಲ.

ಮರುದಿನ ಧಾರವಾಡದ ಅಂಗಳದಲ್ಲಿ ಅಪ್ಪ ಕುರ್ಚಿ ಹಾಕಿಕೊಂಡು ಕೂತರು. ಮೊಣಕಾಲಿನಿಂದ ಕೆಳಗೆ ಮಲಗಲಾಗದು, ಆದ್ದರಿಂದ ಗಾಡಿಯ ಅಡಿಗೆ ನಾನು. ಪೆಡಲ್ ಮೇಲೆ ಅವ್ವ. ಆಕೆ ಜನ್ಮದಲ್ಲಿ ಡ್ರೈವರ್ ಸೀಟಿನಲ್ಲಿ ಕೂತದ್ದು ಅಂದೇ ಮೊದಲು. ಅವ್ವ ಪೂರ್ತಿ ಒತ್ತಿದಾಗ ಸ್ಲೇವ್‌ನ ಸರಳು ಎಷ್ಟು ಮುಂದೆ ಬರುತ್ತದೆಂದು ಸ್ಟೀಲ್ ಪಟ್ಟಿ ಹಿಡಿದು ನೋಡಿದೆ. 12 ಮಿಲಿಮೀಟರ್. ಮತ್ತೆ ಮತ್ತೆ ಒತ್ತಿಸಿದರೂ 12. ಒತ್ತಿ ಹಿಡಿದರೂ ಹಿಂದೆ ಸರಿಯುತ್ತಿಲ್ಲ. ಅಂದರೆ ಗಾಳಿಯಿಲ್ಲ, ಮಾಸ್ಟರ್ ಒಳಗೆ ಎಣ್ಣೆ ಸೋರುತ್ತಿಲ್ಲ.

"ಹಳೇದು ಎಲ್ಲೈತಿ?" ಎಂದರು ಅಪ್ಪ.

ಹಳೆಯದು ಡಿಕ್ಕಿಯಲ್ಲೇ ಇತ್ತು. ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಮರಾಠಿ ಪೇಪರಿನಲ್ಲಿ ಸುತ್ತಿ ಗಿರಾಕಿಗೆ ಒಪ್ಪಿಸುವುದು ಕಾಕಾನ ಪದ್ಧತಿ. ಹೊಸದನ್ನೂ ಬಿಚ್ಚಿ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಹೊರಗಿನಿಂದ ಅವಳಿಜವಳಿ. ಬೋಲ್ಟಿನ ತೂತು ಅದೇ, ಕೊಳವೆಯ ಆಟೆ ಅದೇ. ಅಪ್ಪನ ಪೆಟ್ಟಿಗೆಯಿಂದ ವರ್ನಿಯರ್ ಬಂತು. ಹಳೆಯದರ ಒಳವ್ಯಾಸ 20.6. ಹೊಸದರದು 22.2.

"ಮುಗೀತಲ್ಲ," ಎಂದರು.

ಒಂದೂವರೆ ಮಿಲಿಮೀಟರಿನಲ್ಲಿ ಏನು ಮುಗಿಯಿತೆಂದು ನನಗೆ ತಿಳಿಯಲಿಲ್ಲ. ಅಪ್ಪ ಅವ್ವನ ಕಡೆ ತಿರುಗಿ ಕೇಳಿದರು: "ಒಂದು ತಂಬಗಿ ನೀರು ಬೋಗಾಣ್ಯಾಗ ಹಾಕಿದ್ರ ಎಷ್ಟು ಏರ್ತದ, ಪರಾತದಾಗ ಹಾಕಿದ್ರ ಎಷ್ಟು ಏರ್ತದ?" ಅವ್ವ, ಪರಾತದಾಗ ತಳಾ ಸುದ್ದಾ ಮುಚ್ಚೂದಿಲ್ಲ ಎಂದಳು. ಅಷ್ಟೇ ಲೆಕ್ಕ. ಮೇಲಿನಿಂದ ಬರುವ ಎಣ್ಣೆ ಅಷ್ಟೇ, ಕೆಳಗಿನ ಕೊಳಗ ಅಗಲ. ವ್ಯಾಸ ಸ್ವಲ್ಪ ಹೆಚ್ಚಾದರೂ ಕ್ಷೇತ್ರಫಲ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇಲ್ಲಿ ನೂರಕ್ಕೆ ಹದಿನಾರರಷ್ಟು. ಅಗಲ ಪಿಸ್ಟನ್ನಿಗೆ ಬಲ ಹೆಚ್ಚು ಸಿಗುತ್ತದೆ, ಅದಕ್ಕೇ ಪೆಡಲ್ ಹಗುರ. ಆದರೆ ಓಟ ಕಡಿಮೆ. 14 ಓಡಬೇಕಾದದ್ದು 12 ಓಡುತ್ತಿತ್ತು. ಆ ಎರಡು ಮಿಲಿಮೀಟರ್ ಸಾಲದೆ ಪ್ಲೇಟು ಪೂರ್ತಿ ಬಿಡುತ್ತಿರಲಿಲ್ಲ, ಬಿಸಿಯಾದಾಗ ಇನ್ನಷ್ಟು ಅಂಟಿಕೊಳ್ಳುತ್ತಿತ್ತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಬೆಣ್ಣೆ ಕೊಟ್ಟಿದ್ದ. ನಾನು ಖುಷಿಪಟ್ಟದ್ದೇ ರೋಗದ ಲಕ್ಷಣವಾಗಿತ್ತು.

ಹಳೆಯ ಸಿಲಿಂಡರಿನ ಒಳಮೈ ಬೆರಳಾಡಿಸಿದರೆ ನುಣುಪಾಗಿತ್ತು, ಎಲ್ಲೂ ತುಕ್ಕಿನ ಗುಳಿ ಇರಲಿಲ್ಲ. ಸತ್ತಿದ್ದದ್ದು ರಬ್ಬರ್ ಕಪ್ಪು ಮಾತ್ರ. ಅದರ ಕಿಟ್ ಹುಬ್ಬಳ್ಳಿಯಲ್ಲಿ ಇನ್ನೂರು ರೂಪಾಯಿಯೊಳಗೆ ಸಿಕ್ಕಿತು. ಬ್ರೇಕ್ ಎಣ್ಣೆಯಲ್ಲೇ ತೊಳೆದು, ಅದನ್ನೇ ಸವರಿ ಕಪ್ಪು ಕೂರಿಸಬೇಕು. ಪೆಟ್ರೋಲೋ ಗ್ರೀಸೋ ತಾಗಿದರೆ ಆ ರಬ್ಬರು ಉಬ್ಬುತ್ತದೆ. ಡಾಟ್ 3 ಎಣ್ಣೆ ತುಂಬಿ ಬ್ಲೀಡ್ ಮಾಡಿದೆವು. ಅಪ್ಪ "ಒತ್ತು... ಹಿಡಿ..." ಎಂದಾಗ ಅವ್ವ ಒತ್ತಿ ಹಿಡಿಯುತ್ತಿದ್ದಳು, ನಾನು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯುತ್ತಿದ್ದೆ, ಆಮೇಲೆ "ಬಿಡು". ನಡುವೆ ಅವ್ವ ಒಲೆಯ ಮೇಲೆ ಬೇಳೆ ಇಟ್ಟದ್ದು ನೆನಪಾಗಿ ಪೆಡಲ್ ಬಿಟ್ಟು ಓಡಿದ್ದರಿಂದ ಒಮ್ಮೆ ಗಾಳಿ ಎಳೆದುಕೊಂಡು ಮೊದಲಿನಿಂದ ಶುರುಮಾಡಬೇಕಾಯಿತು. ಸರಳು 14 ಓಡಿತು. ಎಂಜಿನ್ ಬಿಸಿಮಾಡಿ ರಿವರ್ಸ್ ಹಾಕಿದೆ. ಸದ್ದಿಲ್ಲ.

ಸಂಜೆ ಕಾಕಾನಿಗೆ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಾಗ ಅಳತೆಗಳನ್ನು ಹೇಳಿ, ಹುಡುಗರ ಮುಂದೆ ಆಡಿದ ಮಾತಿಗೆ ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೂಕ ಮಾಝೀ ಪಣ ಆಹೇ" ಎಂದರು. ತಪ್ಪು ನನ್ನದೂ ಇದೆ, ಹಾಕುವ ಮೊದಲು ಬೋರ್ ನೋಡಬೇಕಿತ್ತು. ಆಮೇಲೆ, ಅಳೆದವರು ಯಾರು ಎಂದು ಕೇಳಿದರು. ಅಪ್ಪನಿಗೆ ಫೋನ್ ಕೊಟ್ಟೆ. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರದು ಹರಕು ಮರಾಠಿ. ಆದರೂ ಇಪ್ಪತ್ತು ನಿಮಿಷ ಮಾತಾಡಿದರು, ಹೆಚ್ಚಿನದು ರಬ್ಬರಿನ ಬಗ್ಗೆ. ಮಜೂರಿಯ ಬಾಕಿಯನ್ನು ಪುಣೆಗೆ ಬಂದ ಮೇಲೆ ಕೊಟ್ಟೆ, ತೆಗೆದುಕೊಂಡರು.

ಯುಗಾದಿಯ ದಿನ ಬೆಳಿಗ್ಗೆ ಅಪ್ಪ ಡ್ರೈವರ್ ಸೀಟು ಹತ್ತಿ ಕೂತು ಪೆಡಲ್ ಒತ್ತಿದರು. ಹಳೆಯ ಬಿಗಿಯೇ ವಾಪಸು ಬಂದಿತ್ತು. ಅವರ ಮುಖ ಒಮ್ಮೆ ಕಿವುಚಿತು. ಇನ್ನೊಂದು ಸಲ ಒತ್ತಿದರು. "ಹಾಂ, ಈಗ ಇದು ನಮ್ಮ ಗಾಡಿ," ಎಂದು ಇಳಿದು, ಮುಂದಿನಿಂದ ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದರು. ಸೋಮೇಶ್ವರ ಗುಡಿಗೆ ಹೋಗುವ ದಾರಿಯುದ್ದಕ್ಕೂ, ಯಾವಾಗ ಮೂರನೇ ಗೇರಿಗೆ ಬರಬೇಕೆಂದು ನನಗೆ ಹೇಳುತ್ತಿದ್ದರು.